ಬೆಳಕಿಗಾಗಿ ಕಟ್ಟಿದ ಒಂದು ದಾರ: ಹಕ್ಕಿ ಫೋಟೋಗ್ರಫಿಯ ಕಥೆ

ಹಕ್ಕಿ ಫೋಟೋ ಬಗ್ಗೆ ಮಾತಾಡಿ ಅಂತ ತುಂಬಾ ಜನ ಕೇಳಿದ್ರಿ. ಯಾವ ಲೆನ್ಸ್ ಕೊಳ್ಳಬೇಕು ಅಂತ ಇವತ್ತು ಹೇಳಲ್ಲ. ಇದರ ಇತಿಹಾಸ ಸ್ವಲ್ಪ ಹೇಳ್ತೀನಿ, ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ.

ತೇಜಸ್ವಿ ಓದಿ ಕ್ಯಾಮೆರಾ ಕೊಂಡವರಲ್ಲಿ ನಾನೂ ಒಬ್ಬ. ಎಂಟೆಕ್ ಮುಗಿಸಿ, ಕೆಲಸ ಸಿಕ್ಕಿ, ದಹಿಸರ್‌ನಲ್ಲಿ ಮನೆ ಮಾಡಿದೆ. ಮೊದಲ ಬೇಸಿಗೆಯಲ್ಲೇ ನಮ್ಮ ಸೊಸೈಟಿಯ ದಾಸವಾಳದ ಗಿಡದಲ್ಲಿ ಪಿಕಳಾರ, ಅಂದ್ರೆ ಬುಲ್‌ಬುಲ್, ಗೂಡು ಕಟ್ಟಿತು. ಎಲೆ ನೆರಳಿಗೆ ಮರಿಗಳು ಸರಿಯಾಗಿ ಕಾಣ್ತಿರಲಿಲ್ಲ. ಅಡ್ಡ ಇದ್ದ ರೆಂಬೆಯನ್ನ ದಾರದಿಂದ ಹಿಂದಕ್ಕೆ ಕಟ್ಟಿದೆ. ಬೆಳಕು ಬಿತ್ತು, ಫೋಟೋ ಚೆನ್ನಾಗಿ ಬಂತು. ಅಷ್ಟರಲ್ಲಿ ಮೀಟಿಂಗ್, ದಾರ ಬಿಚ್ಚೋದು ಮರೆತೆ. ಸಂಜೆ ಬಂದು ನೋಡಿದರೆ ಗೂಡು ಖಾಲಿ. ಕಾಗೆ ಒಯ್ತು ಅಂದರು ವಾಚ್‌ಮನ್.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಗೂಡಿನ ಮುಂದೆ ನಿಲ್ಲೋದು ಈ ಹವ್ಯಾಸದಷ್ಟೇ ಹಳೆಯದು. ಇಂಗ್ಲೆಂಡಿನ ಚೆರ್ರಿ ಕಿಯರ್ಟನ್ 1892ರಲ್ಲಿ ಮೊಟ್ಟೆಗಳಿದ್ದ ಗೂಡಿನ ಫೋಟೋ ತೆಗೆದರು. 1895ರಲ್ಲಿ ಅಣ್ಣ ರಿಚರ್ಡ್ ಜೊತೆ ಸೇರಿ ಹಕ್ಕಿಗೂಡುಗಳದ್ದೇ ಪುಸ್ತಕ ತಂದರು. ಯಾಕೆ ಗೂಡೇ? ಆಗಿನ ಪ್ಲೇಟು, ಫಿಲ್ಮುಗಳಿಗೆ ತುಂಬಾ ಬೆಳಕು ಬೇಕು, ಹಕ್ಕಿ ಒಂದು ಕಡೆ ನಿಲ್ಲಲ್ಲ. ಆದರೆ ಗೂಡಿಗೆ ಅದು ಮತ್ತೆ ಮತ್ತೆ ಬರಲೇಬೇಕು. ಹಾಗಾಗಿ ಎದುರಿಗೆ ಮರೆ ಕಟ್ಟಿ, ಫ್ರೇಮು, ಫೋಕಸ್ಸು ಮೊದಲೇ ಹೊಂದಿಸಿ ಕಾಯೋದು. ನೆರಳು ಜಾಸ್ತಿ ಇದ್ದರೆ ಫ್ಲ್ಯಾಶ್, ಎಲೆ ಅಡ್ಡ ಬಂದರೆ ದಾರ.

ನಮ್ಮ ಕಡೆ ಇನ್ನೊಂದು ದಾರಿಯೂ ಇತ್ತು. 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಎಂ. ಕೃಷ್ಣನ್ ಬೇರೆ ಬೇರೆ ಭಾಗ ಜೋಡಿಸಿ ತಾವೇ ಒಂದು ಕ್ಯಾಮೆರಾ ಮಾಡಿಕೊಂಡಿದ್ದರು. ಅದಕ್ಕಿಟ್ಟ ಹೆಸರು ‘ಸೂಪರ್ ಪಾಂಡೆರೋಸಾ’. ಅವರದ್ದು ಕಪ್ಪು-ಬಿಳುಪು. ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ ಆಗಿದ್ದವರು, 1983ರಲ್ಲಿ ತಮ್ಮ ವನ್ಯಜೀವಿ ಚಿತ್ರಗಳ ಪುಸ್ತಕಕ್ಕೆ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಅಂತ ಹೆಸರಿಟ್ಟರು. ನೋಡಿ, ಹೆಸರಲ್ಲೇ ಬಿಸಿಲಿನ ಜೊತೆ ನೆರಳೂ ಇದೆ. ನಾನು ದಾರ ಕಟ್ಟಿ ಓಡಿಸಿದ್ದು ಅದೇ ನೆರಳನ್ನ. ಮರಿಗಳಿಗೆ ಅದೇ ಮನೆಯ ಬಾಗಿಲು.

ಈಗ ನಮ್ಮಂಥವರಿಗೆ ಒಂದು ಲೆಕ್ಕ. ಕೊಡಾಕ್ರೋಮ್ 64 ಫಿಲ್ಮಿಗೆ ಸೆಕೆಂಡಿನ 20ನೇ ಒಂದು ಭಾಗ ಬೇಕಾಗುವ ಬೆಳಕಲ್ಲಿ, ಅದೇ ಅಪರ್ಚರ್ ಇಟ್ಟು, ಐಎಸ್‌ಒ 3200ರಲ್ಲಿ 1000ನೇ ಒಂದು ಭಾಗ ಸಾಕು. ಪೂರ್ತಿ 50 ಪಟ್ಟು ವ್ಯತ್ಯಾಸ. ಹಳಬರಿಗೆ ಗೂಡು ಬಿಟ್ಟು ಬೇರೆ ದಾರಿ ಕಡಿಮೆ ಇತ್ತು. ನನಗೆ ಆ ನೆಪವೂ ಇರಲಿಲ್ಲ. ಈಗ ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರ ತಗೊಳ್ಳೋದೇ ಇಲ್ಲ, ಒಳ್ಳೆಯದೇ ಆಯ್ತು.

ಈಗ ಭಾನುವಾರ ಬೆಳಿಗ್ಗೆ ದಹಿಸರ್ ನದಿ ಹತ್ತಿರ ಹೋಗ್ತೀನಿ. ನ್ಯಾಷನಲ್ ಪಾರ್ಕಿನ ತುಳಸಿ ಕೆರೆ ಕಡೆಯಿಂದ ಬಂದು, ಬಿಲ್ಡಿಂಗ್‌ಗಳ ಮಧ್ಯೆ ನುಗ್ಗಿ ಖಾರಿ ಸೇರುವ ನದಿ. ಬಿಸಿಲು ಓರೆಯಾಗಿ ಬೀಳುವಾಗ ಬೆಳ್ಳಕ್ಕಿಯ ಪುಕ್ಕದ ಗೆರೆಗೆರೆ ಕಾಣುತ್ತೆ. ಹತ್ತು ಗಂಟೆ ದಾಟಿದರೆ ಬರೀ ಬಿಳಿ ಮುದ್ದೆ. ಮೊದಲೆಲ್ಲ ಪ್ಲಾಸ್ಟಿಕ್ಕು, ಸೇತುವೆಯ ಕಂಬ ಎಲ್ಲಾ ಕತ್ತರಿಸಿ ಹಕ್ಕಿ ಒಂದನ್ನೇ ಉಳಿಸ್ತಿದ್ದೆ. ಆ ಚಿತ್ರಗಳು ಯಾವ ಊರಿನವು ಅಂತ ಈಗ ನನಗೇ ಹೇಳೋಕಾಗಲ್ಲ. ಅದಕ್ಕೇ ಒಂದು ಹೆಜ್ಜೆ ಹಿಂದೆ ನಿಂತು, ಕಂಬ, ಕಸ ಎರಡನ್ನೂ ಒಳಗೆ ಬಿಡ್ತೀನಿ. ಮುಂದೆ ನೋಡುವವರಿಗೆ ನದಿ ಹೇಗಿತ್ತು ಅಂತಾದರೂ ಗೊತ್ತಾಗಲಿ.

ಪಿಕಳಾರದ ಫೋಟೋ ಇನ್ನೂ ಹಾರ್ಡ್ ಡಿಸ್ಕಲ್ಲಿದೆ. ವಿಡಿಯೋದಲ್ಲಿ ತೋರಿಸಿಲ್ಲ, ಇಲ್ಲೂ ಹಾಕಲ್ಲ. ನಿಮಗೆ ಗೂಡು ಕಂಡರೆ ಒಂದು ಸಲ ನೋಡಿ, ಸುಮ್ಮನೆ ಮುಂದೆ ಹೋಗಿ. ಮತ್ತೆ ಸಿಗೋಣ.