ರೈಸ್ ಮತ್ತು ಫ್ಲೀಟ್ ಜಗಳ

ಮೊನ್ನೆ ಭಾನುವಾರ ಹರಿಹರಕ್ಕೆ ಹೋಗಿದ್ದೆ. ನಮ್ಮ ದೇವರಾಜ ಅರಸು ಬಡಾವಣೆಯಿಂದ ಬೈಕಲ್ಲಿ ಅರ್ಧ ಗಂಟೆ ದಾರಿ, ಅಷ್ಟೇ. ಹರಿಹರೇಶ್ವರನ ಗುಡಿ ನಿಮಗೆ ಗೊತ್ತಲ್ಲ... ಒಂದೇ ವಿಗ್ರಹದಲ್ಲಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ನಾನು ಹೋಗಿದ್ದು ದೇವರ ದರ್ಶನಕ್ಕಿಂತ ಹೆಚ್ಚಾಗಿ ಆವರಣದಲ್ಲಿರೋ ಶಾಸನಗಳನ್ನು ನೋಡೋಕೆ. ನಿಜ ಹೇಳಬೇಕೆಂದರೆ ಮನಸ್ಸು ಸರಿ ಇರಲಿಲ್ಲ. ಕಾರಣ ಆಮೇಲೆ ಹೇಳ್ತೀನಿ.

ಆ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಮನುಷ್ಯ. ಮೇಷ್ಟ್ರಾಗಿ ಶುರು ಮಾಡಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ತಂದರು. ಹರಿಹರದ್ದು ಹನ್ನೊಂದನೇ ಸಂಪುಟದಲ್ಲಿ, ಚಿತ್ರದುರ್ಗ ಜಿಲ್ಲೆಯ ಲೆಕ್ಕದಲ್ಲಿದೆ (ನಾವು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ ತಾನೇ).

ಇದೇ ಕಾಲಕ್ಕೆ ಮುಂಬಯಿ ಸರ್ಕಾರದ ಕಡೆ ಇನ್ನೊಬ್ಬರಿದ್ದರು, ಜೆ.ಎಫ್. ಫ್ಲೀಟ್. 1867ರಲ್ಲಿ ನೌಕರಿಗೆ ಸೇರಿದ ಸಿವಿಲಿಯನ್. ಮುಂಬಯಿ ಕರ್ನಾಟಕದ ಶಾಸನಗಳಲ್ಲಿ ಮುಳುಗಿ ಎದ್ದವರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆಸಿಕೊಂಡು ಅಚ್ಚು ಮಾಡಿಸಿದವರೂ ಇವರೇ. ಹಳಗನ್ನಡ ಇಬ್ಬರಿಗೂ ನೀರು ಕುಡಿದಷ್ಟು ಸಲೀಸು. ಆದರೆ ಇಬ್ಬರಿಗೂ ಒಂದು ವಿಷಯದಲ್ಲಿ ಸುತರಾಂ ಆಗುತ್ತಿರಲಿಲ್ಲ. ತಲಕಾಡಿನ ಗಂಗರು!

ಗಂಗರ ಹೆಸರಿನ ಹಳೇ ತಾಮ್ರಪಟಗಳು ಸಾಕಷ್ಟು ಸಿಕ್ಕಿದ್ದವು. ಅವನ್ನು ನಂಬಿ ರೈಸ್ ಗಂಗರ ಚರಿತ್ರೆ ಬರೆದರು. ಫ್ಲೀಟ್ ಹೇಳಿದ್ದು, ಇವು ಕೂಟಶಾಸನಗಳು, ಅಂದರೆ ಆಮೇಲೆ ಯಾರೋ ಹುಟ್ಟಿಸಿದ ಖೊಟ್ಟಿ ದಾಖಲೆಗಳು ಅಂತ. ಎಂಟನೇ ಶತಮಾನಕ್ಕೆ ಮುಂಚಿನ ಗಂಗರ ವಂಶಾವಳಿಯನ್ನೇ ನಂಬಲಾಗದು ಎಂದರು. 1901ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇಂಥ ಸುಳ್ಳು ಶಾಸನಗಳ ಪಟ್ಟಿಯನ್ನೇ ಕೊಟ್ಟರು. ಅದರಲ್ಲಿ ಗಂಗರದ್ದೂ ಇದ್ದವು. ಯೋಚಿಸಿ, ಜೀವಮಾನದ ಕೆಲಸದ ಬುಡಕ್ಕೇ ಒಬ್ಬ ಕೊಡಲಿ ಹಾಕಿದರೆ ಹೇಗಿರುತ್ತೆ?

ನನಗೆ ಇಷ್ಟವಾಗೋದು ಫ್ಲೀಟ್ ಬಳಸಿದ ದಾರಿ. "ರೈಸ್‌ಗೆ ಓದಲು ಬರಲ್ಲ" ಎಂಬಲ್ಲಿಗೆ ವಾದ ನಿಲ್ಲುವುದಿಲ್ಲ. ಅಕ್ಷರ ನೋಡಿ ಅನ್ನುತ್ತಾರೆ. ಖ, ಬ ಇತ್ಯಾದಿ ಅಕ್ಷರಗಳ ರೂಪ ಕಾಲಕಾಲಕ್ಕೆ ಬದಲಾಗಿದೆ. ಐದನೇ ಶತಮಾನದ್ದು ಎನ್ನುವ ತಾಮ್ರಪಟದಲ್ಲಿ ನಾಲ್ಕೈದು ಶತಮಾನ ಆಮೇಲಿನ 'ಖ' ಕೂತಿದ್ದರೆ ಅದು ಅಲ್ಲಿಗೆ ಹೇಗೆ ಬಂತು? ತಿಥಿ ವಾರ ಲೆಕ್ಕ ಹಾಕಿ, ಕೂಡುತ್ತಾ ನೋಡಿ. ಮಡಿಕೇರಿಯ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ, ಯಾವ ಶಕೆ ಅಂತ ಇಲ್ಲ. ರೈಸ್ ಅದನ್ನು ಶಾಲಿವಾಹನ ಶಕೆ ಎಂದು ಹಿಡಿದು ಕ್ರಿ.ಶ. 466 ಎಂದರು. ಆದರೆ ಅದೇ ಪಟದಲ್ಲಿ ಅಕಾಲವರ್ಷ ಎಂಬ ಹೆಸರು ಬರುತ್ತೆ, ಅದು ಬಹಳ ಆಮೇಲಿನ ರಾಷ್ಟ್ರಕೂಟರ ಬಿರುದು! ರೈಸ್ ಸುಮ್ಮನಾಗಲಿಲ್ಲ, ಉತ್ತರ ಕೊಡುತ್ತಲೇ ಹೋದರು. ಫ್ಲೀಟರ ಬರವಣಿಗೆಯಲ್ಲಿ ನಯ ಕಡಿಮೆ, ಮುಲಾಜೇ ಇಲ್ಲ. ಹಾಗಂತ ರೈಸ್ ಸಂಪುಟಗಳನ್ನು ದೂರ ಇಡಲಿಲ್ಲ, ತಮ್ಮ ಲೇಖನಗಳಿಗೆ ಮತ್ತೆ ಮತ್ತೆ ಅವನ್ನೇ ಆಧಾರ ಮಾಡಿಕೊಂಡರು.

ಕವಿರಾಜಮಾರ್ಗದ ವಿಷಯದಲ್ಲೂ ಫ್ಲೀಟ್ ಹೀಗೇ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಮೊದಲ ಸಲ ಅಚ್ಚಿಗೆ ತಂದು, ಬರೆದವನು ರಾಜ ನೃಪತುಂಗನೇ ಎಂದರು. ಫ್ಲೀಟ್ ಒಪ್ಪಲಿಲ್ಲ. ಪುಸ್ತಕದಲ್ಲೇ ಅದು ನೃಪತುಂಗನ 'ಅನುಮತ' ಎಂದಿದೆಯಲ್ಲ, ಅನುಮತ ಕೊಟ್ಟವನು ಬೇರೆ, ಬರೆದವನು ಬೇರೆ. ಈಗ ಬಹಳಷ್ಟು ವಿದ್ವಾಂಸರು ಶ್ರೀವಿಜಯನ ಹೆಸರು ಹೇಳ್ತಾರೆ. ತಮಾಷೆ ಅಂದರೆ ಪರರ ವಿಚಾರವನ್ನು ಸಹಿಸುವುದೇ ನಿಜವಾದ ಸಂಪತ್ತು ಎನ್ನುವ ಪುಸ್ತಕ ಅದು! ಕಣ್ಣಿಗೆ ತನ್ನ ಕಾಡಿಗೆ ಕಾಣದ ಹಾಗೆ ಕವಿಗೆ ತನ್ನ ತಪ್ಪು ಕಾಣದು ಅಂತಲೂ ಅದರಲ್ಲಿದೆ.

ಇರಲಿ, ಗಂಗರ ಕಥೆ ಮುಗಿದಿಲ್ಲ. ಪೆನುಕೊಂಡದಲ್ಲಿ (ಈಗ ಆಂಧ್ರದಲ್ಲಿದೆ) ಗಂಗ ಮಾಧವನ ಒಂದು ತಾಮ್ರಪಟ ಸಿಕ್ಕಿತು. ಫ್ಲೀಟ್ ಅದನ್ನೂ ತಮ್ಮ ಅದೇ ಒರೆಗಲ್ಲಿಗೆ ಹಚ್ಚಿ ನೋಡಿದರು. 1915ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಇದು ಅಸಲಿ ಎಂದು ಒಪ್ಪಿಕೊಂಡು ಬರೆದರು. ದಶಕಗಳ ಕಾಲ ಇಲ್ಲ ಇಲ್ಲ ಎಂದವರು! 1917ರಲ್ಲಿ ಫ್ಲೀಟ್ ತೀರಿಕೊಂಡರು. ಅದೇ ಹೊತ್ತಿಗೆ ಆ ತಾಮ್ರಪಟವನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದವರು ಯಾರು ಅಂದುಕೊಂಡಿರಿ? ಎಂಬತ್ತರ ಗಡಿಯಲ್ಲಿದ್ದ ರೈಸ್ ತಾತ :) ಹಾಗಂತ ರೈಸ್ ಪೂರ್ತಿ ಗೆದ್ದರು ಅಂತಲ್ಲ. ಮಡಿಕೇರಿ ಪಟ ಐದನೇ ಶತಮಾನದ್ದು ಎಂದು ಇವತ್ತು ಹೆಚ್ಚಿನವರು ಒಪ್ಪುವುದಿಲ್ಲ.

ಈಗ ನನ್ನ ಕಥೆ. ನಮ್ಮೂರಲ್ಲಿ ಇತಿಹಾಸದ ಹುಚ್ಚಿರೋ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಸೇರ್ತೀವಿ, ಮಂಡಕ್ಕಿ ಮಿರ್ಚಿ ತಿಂದ್ಕೊಂಡು ಮಾತಾಡ್ತೀವಿ. ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಒಂದು ವೀರಗಲ್ಲಿನ ಕಾಲ ಹೇಳಿದರು. ಅಕ್ಷರ ಅಷ್ಟು ಹಳೆಯದಲ್ಲ ಅಂತ ನನಗೆ ಖಾತ್ರಿ ಇತ್ತು, ಈಗಲೂ ಇದೆ. ಆದರೆ ನಾನು ಅಕ್ಷರದ ಮಾತೇ ಎತ್ತಲಿಲ್ಲ. "ಏನ್ ಸಾರ್, ಸುಮ್ನೆ ಬುರುಡೆ ಬಿಡ್ತೀರಾ" ಅಂದುಬಿಟ್ಟೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು ಎದ್ದು ಹೋದರು. ಈ ತಿಂಗಳು ಬರಲೇ ಇಲ್ಲ.

ಹರಿಹರದಿಂದ ವಾಪಸ್ ಬರುವಾಗ ಸೀದಾ ಅವರ ಮನೆಗೆ ಹೋದೆ. ಮಾತು ಶುರು ಮಾಡೋದು ಹೇಗೆ ಅಂತ ತಿಳಿಯದೆ, ಆ ವೀರಗಲ್ಲಿನ ಫೋಟೋ ತೆಗೆದು 'ಬ' ಅಕ್ಷರದ ಮೇಲೆ ಬೆರಳಿಟ್ಟೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಫೋಟೋದಾಗೆ ಏನ್ ಗೊತ್ತಾಗ್ತತಪ್ಪಾ, ಕಲ್ಲಿನ ಹತ್ರಾನೇ ಹೋಗಾಣ" ಅಂದರು. ಬರೋ ಭಾನುವಾರ ಹೋಗ್ತಿದ್ದೀವಿ. ಬೈಕ್ ನಂದು, ಬೆಣ್ಣೆದೋಸೆ ಅವರದ್ದಂತೆ.