ಮೋರ್ಯರ ಗುಡ್ಡದ ಕಬ್ಬಿಣಯುಗ

2018ರಲ್ಲಿ ಜರ್ಮನಿಯ ಕಾಲ್‌ಕ್ರೀಸೆಯಲ್ಲಿ ರೋಮನ್ ಸೈನಿಕನ ಎದೆಗವಚವೊಂದು ಸಿಕ್ಕಿತು. ಕ್ರಿ.ಶ. 9ರ ಕದನದ್ದು, ಕಬ್ಬಿಣದ ಪಟ್ಟಿ ಜೋಡಿಸಿದ ಆ ಬಗೆಯ ಕವಚಗಳಲ್ಲೇ ಅತ್ಯಂತ ಹಳೆಯದು.

ಅದಕ್ಕೂ ಶತಮಾನಗಳ ಹಿಂದೆಯೇ ಕೊಪ್ಪಳ ಸೀಮೆಯವರಿಗೆ ಕಬ್ಬಿಣ ಕೈವಶವಾಗಿತ್ತು. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದಲ್ಲಿ ಆ ಕಾಲದ ಸುಮಾರು 400 ಶಿಲಾಸಮಾಧಿಗಳಿವೆ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಮತ್ತೊಂದು ಚಪ್ಪಡಿಯ ಸೂರು, ಕೆಲವಕ್ಕೆ ದುಂಡನೆಯ ಕಿಂಡಿ. ಊರವರಿಗೆ ಇವು ಮೋರ್ಯರ ಮನೆಗಳು. ಎತ್ತರದ ಬಂಡೆಯ ಮೇಲೆ ನಗಾರಿಯಾಕಾರದ ಕಲ್ಲೊಂದಿದೆ. ಬಡಿದರೆ ನಾದ ದೂರಕ್ಕೆ ಕೇಳುತ್ತದೆ. ಉಳಿ, ಸುತ್ತಿಗೆ ಹಿಡಿದ ಆ ಕೈಗಳ ಕೌಶಲ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಸಮಾಧಿಗಳೊಳಗೆ ಏನಿಡುತ್ತಿದ್ದರು? 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಮೂಳೆ, ಕಪ್ಪು–ಕೆಂಪು ಮಡಕೆಗಳ ಜೊತೆಗೆ ಕಬ್ಬಿಣದ ಆಯುಧಗಳೂ ಹೊರಬಂದವು. ಅದೇ ವರ್ಷ ಅವರು ಅಗೆದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಡಿನೇರಿಯಸ್ ದೊರೆಯಿತು. ರೋಮನ್ ಕಾಲಾಳುವಿನ ವರ್ಷದ ಸಂಬಳ ಆಗ 225 ಡಿನೇರಿಯಸ್. ಕಾಲ್‌ಕ್ರೀಸೆಯ ಸೈನಿಕ ಯಾವ ನಾಣ್ಯಕ್ಕಾಗಿ ಕವಚ ತೊಟ್ಟನೋ, ಅದೇ ಬಗೆಯ ನಾಣ್ಯ ವ್ಯಾಪಾರದ ದಾರಿ ಹಿಡಿದು ಕನ್ನಡ ನೆಲ ಮುಟ್ಟಿತ್ತು.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದೆ. ಉರುಳಿಬಿದ್ದ ಚಪ್ಪಡಿಗಳ ಜೋಪಾನಕ್ಕೆ ಇನ್ನು ತಡಮಾಡಬಾರದು.