‘ಪೊಟೀಟುಸ್’ ಮತ್ತು ‘ಪೊಟೆನ್ಸ್’: ಆಗಸ್ಟಸನ ಶಾಸನದ ಒಂದು ಪಾಠವಿಚಾರ

ರೋಮಿನ ಪ್ರಥಮ ಚಕ್ರವರ್ತಿ ಆಗಸ್ಟಸನು ಕ್ರಿ.ಶ. 14ರಲ್ಲಿ ಮರಣಹೊಂದಿದನು. ತನ್ನ ಸಾಧನೆಗಳನ್ನು ತಾನೇ ನಿರೂಪಿಸಿ ಅವನು ಬಿಟ್ಟುಹೋದ ಬರಹವನ್ನು ರೋಮಿನಲ್ಲಿ ಅವನ ಸಮಾಧಿಯ ಮುಂದೆ ಕಂಚಿನ ಮೇಲೆ ಕೆತ್ತಿಸಲಾಯಿತು. ಆ ಕಂಚು ಉಳಿದಿಲ್ಲ; ಅದರ ಪ್ರತಿಯು ಮುಖ್ಯವಾಗಿ ಅಂಕಾರದ ದೇವಾಲಯದ ಗೋಡೆಗಳಲ್ಲಿ ಲ್ಯಾಟಿನ್ ಹಾಗೂ ಗ್ರೀಕ್ ಭಾಷೆಗಳಲ್ಲಿ ದೊರೆಯುತ್ತದೆ.

ಇದರ 34ನೆಯ ಪ್ರಕರಣವು ವಿಶೇಷ ಮಹತ್ತ್ವದ್ದು. ಅಂತರ್ಯುದ್ಧಗಳನ್ನು ಅಡಗಿಸಿದ ಬಳಿಕ, ಕ್ರಿ.ಪೂ. 28 ಮತ್ತು 27ರಲ್ಲಿ, ರಾಜ್ಯವನ್ನು ತನ್ನ ವಶದಿಂದ ಸೆನೆಟ್ಟಿಗೂ ಜನತೆಗೂ ಒಪ್ಪಿಸಿದೆನೆಂದು ಆಗಸ್ಟಸನು ಅಲ್ಲಿ ಹೇಳುತ್ತಾನೆ. ಅದಕ್ಕೆ ಮುನ್ನ ಸರ್ವಸಮ್ಮತಿಯಿಂದ ಸಕಲಾಧಿಕಾರವೂ ತನಗಿದ್ದ ಬಗೆಯನ್ನು ಸೂಚಿಸುವ ಪದವಿರಬೇಕಾದ ಕಡೆಯಲ್ಲಿಯೇ ಅಂಕಾರದ ಶಿಲೆ ನಷ್ಟವಾಗಿದೆ. ಹತ್ತೊಂಬತ್ತನೆಯ ಶತಮಾನದ ಮಹಾವಿದ್ವಾಂಸ ಮೊಮ್ಸೆನ್ನನು ಅಲ್ಲಿ ‘ಪೊಟೀಟುಸ್’ ಎಂಬ ರೂಪವನ್ನು ಊಹಿಸಿ ತುಂಬಿದನು.

‘ಪೊಟೀಟುಸ್’ ಎಂಬುದು ‘ಪೊಟಿಯೋರ್’ ಎಂಬ ಕ್ರಿಯಾಪದದ ಭೂತಕೃದಂತ. ಈ ಕ್ರಿಯಾಪದವು ರೂಪದಲ್ಲಿ ಕರ್ಮಣಿಯಾದರೂ ಅರ್ಥದಲ್ಲಿ ಕರ್ತರಿ. ಸಂಸ್ಕೃತದ ‘ಲಭತೇ’ ಮೊದಲಾದ ಆತ್ಮನೇಪದಿ ರೂಪಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಇದರ ಮೂಲವಾದ ‘ಪೊಟಿಸ್’ ಸಂಸ್ಕೃತದ ‘ಪತಿ’ ಶಬ್ದಕ್ಕೆ ಜ್ಞಾತಿ. ಆದುದರಿಂದ ‘ಪೊಟೀಟುಸ್’ ಎಂದರೆ ‘ವಶಪಡಿಸಿಕೊಂಡವನಾಗಿ’ ಎಂದರ್ಥ. ವಶಪಡಿಸಿಕೊಂಡುದು ಎಂದು? ಇಟಲಿಯು ಪ್ರಮಾಣ ಸ್ವೀಕರಿಸಿದ ಕ್ರಿ.ಪೂ. 32ರಲ್ಲೇ, ಆಕ್ಟಿಯಮ್ ಯುದ್ಧ ನಡೆದ 31ರಲ್ಲೇ, ಈಜಿಪ್ಟು ಕೈಸೇರಿದ 30ರಲ್ಲೇ? ಊಹಿತವಾದ ಒಂದು ಪ್ರತ್ಯಯವನ್ನು ಆಧರಿಸಿ ಈ ಚರ್ಚೆಯು ಬಹುಕಾಲ ಬೆಳೆಯಿತು.

ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಪಿಸಿಡಿಯದ ಆಂಟಿಯೋಕ್ ನಗರದ ಲ್ಯಾಟಿನ್ ಪ್ರತಿಯ ಶಿಲಾಖಂಡವೊಂದು ಪ್ರಕಟವಾಯಿತು. ಅದರಲ್ಲಿರುವುದು ‘ಪೊಟೀಟುಸ್’ ಅಲ್ಲ, ‘ಪೊಟೆನ್ಸ್’. ಇದು ವರ್ತಮಾನಕೃದಂತದ ರೂಪವುಳ್ಳ ಗುಣವಾಚಕ. ‘ಒಡೆಯನಾಗಿದ್ದು’ ಎಂದು ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಪಡೆದ ಕ್ಷಣದ ಮಾತೇ ಇಲ್ಲಿಲ್ಲ.

ಮೊಮ್ಸೆನ್ನನ ಊಹೆಯು ನಿರಾಧಾರವಾದುದೆಂದು ಭಾವಿಸಲಾಗದು. ಗ್ರೀಕ್ ಪಾಠದಲ್ಲಿ ‘ಒಡೆಯನಾದವನಾಗಿ’ ಎಂಬ ಅರ್ಥವೇ ಇದೆ. ಆದರೆ ಅನುವಾದಕನ ‘ಆದ’ ಎಂಬುದನ್ನು ಆಗಸ್ಟಸನ ‘ಇದ್ದ’ ಎಂಬುದರ ಮೇಲೆ ಹೇರಲಾಗದು. ಅಧಿಕಾರವನ್ನು ಹಿಡಿದ ಬಗೆಯನ್ನು ಹೇಳದೆ, ಅದನ್ನು ಹೊಂದಿದ್ದುದನ್ನೂ ಬಿಟ್ಟುಕೊಟ್ಟುದನ್ನೂ ಮಾತ್ರ ಹೇಳಿದ ಜಾಣ್ಮೆಯು ಈಗ ಸ್ಪಷ್ಟವಾಗಿದೆ. ಮುದ್ರಿತ ಶಾಸನಪಾಠದ ಆವರಣಚಿಹ್ನೆಗಳೊಳಗಿರುವುದು ಸಂಪಾದಕನ ಮಾತೇ ಹೊರತು ಶಾಸನಕರ್ತನದಲ್ಲ. ಇತಿಹಾಸದ ವಿದ್ಯಾರ್ಥಿಯು ಈ ಭೇದವನ್ನು ಎಂದಿಗೂ ಮರೆಯತಕ್ಕದ್ದಲ್ಲ.